ಚಂದ್ರನಿಗೆ ಯುರೋಪಿನ ಮುಯ್ಯಾಳು ಲೆಕ್ಕ

ನಮ್ಮೂರಲ್ಲಿ ನಾಟಿ ಕಾಲಕ್ಕೆ ಕೂಲಿಗಿಂತ ಮುಯ್ಯಾಳೇ ಹೆಚ್ಚು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳಿದ್ದು ನೀವು ನಮ್ಮ ಗದ್ದೆಗೆ. ಯುರೋಪಿನವರು ಚಂದ್ರನಿಗೆ ಯಾವಾಗ ಹೋಗುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ರಾಕೆಟ್ ಬಿಟ್ಟು ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಮನುಷ್ಯರನ್ನು ಒಯ್ಯುವ ಸ್ವಂತ ನೌಕೆ ಅವರಲ್ಲಿಲ್ಲ. ಹರ್ಮಿಸ್ ಎಂಬ ಪುಟ್ಟ ಬಾಹ್ಯಾಕಾಶ ಷಟಲ್ ಕಟ್ಟಲು ಹೊರಟು 1992ರಲ್ಲಿ ಕೈಬಿಟ್ಟರು. ರಷ್ಯಾದ ಸೋಯುಜ್, ಅಮೆರಿಕದ ಷಟಲ್, ಈಗ ಅಮೆರಿಕದ್ದೇ ಡ್ರ್ಯಾಗನ್, ಎಲ್ಲವೂ ಪರರ ಬಂಡಿಯೇ.

ಹಾಗಂತ ಬರಿಗೈಯವರಲ್ಲ. ಮನುಷ್ಯರನ್ನು ಚಂದ್ರನತ್ತ ಒಯ್ಯುವ ನಾಸಾದ ಓರಾಯನ್ ನೌಕೆಯ ಬೆನ್ನಿಗಿರುವ ಸರ್ವಿಸ್ ಮಾಡ್ಯೂಲ್ ಜೋಡಣೆಯಾಗುವುದು ಜರ್ಮನಿಯ ಬ್ರೆಮೆನ್‌ನ ಏರ್‌ಬಸ್‌ನಲ್ಲಿ. ಗಗನಯಾತ್ರಿಗಳ ನೀರು, ಆಮ್ಲಜನಕ, ವಿದ್ಯುತ್ತು, ನೂಕುಬಲ ಎಲ್ಲ ಅದರದೇ. ಒಟ್ಟು 33 ಎಂಜಿನ್. ಅವುಗಳಲ್ಲಿ ದೊಡ್ಡದನ್ನು ಹಳೇ ಷಟಲ್‌ಗಳಿಂದ ಬಿಚ್ಚಿ ತರುತ್ತಾರೆ. 2022ರ ನವೆಂಬರ್‌ನಲ್ಲಿ ನಾಸಾದ ಚಂದ್ರಯಾನ ಯೋಜನೆಯ ಮೊದಲ ಹಾರಾಟವಾದ ಆರ್ಟೆಮಿಸ್-1ರ ಜೊತೆ ಹೋದದ್ದು ಅದಕ್ಕೂ ಮೊದಲು 19 ಸಲ ಬಾಹ್ಯಾಕಾಶ ಕಂಡು ಬಂದಿತ್ತು! ಉಪಗ್ರಹಗಳ ಇಂಧನ ಕೊಳವೆಗಳ ನಡುವೆ ವರ್ಷಗಟ್ಟಲೆ ಕಳೆದ ನನಗೆ ಇದು ಎಷ್ಟು ಸಲ ಓದಿದರೂ ಖುಷಿ ಕೊಡುವ ಸಂಗತಿ.

ನಮ್ಮ ಕೆಲಸದಲ್ಲಿ ಎಂಜಿನ್‌ಗಿಂತ ಹೆಚ್ಚು ತಲೆ ತಿನ್ನುವುದು ಇಂಟರ್‌ಫೇಸ್ ಕಡತ. ಇವರ ಪೈಪು ಅವರ ಟ್ಯಾಂಕಿಗೆ ಸೇರುವಲ್ಲಿ ಯಾರ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಬರಹ ಅದು. ಕಡತ ದಪ್ಪವಾದಷ್ಟೂ ಜೊತೆಗಾರನನ್ನು ಕಳಚಿಹಾಕುವುದು ಕಷ್ಟ. ಓರಾಯನ್‌ಗೆ ಯುರೋಪು ಹೀಗೆ ಹೆಣೆದುಕೊಂಡಿದೆ.

ಎಡವಿದ್ದು ಚೌಕಾಶಿಯಲ್ಲಿ. ಮೊದಲ ಮಾಡ್ಯೂಲಿನ ದುಡಿಮೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಖರ್ಚಿನ ಬಾಬ್ತಿಗೆ ಜಮಾ ಆಯಿತು. ನಾಸಾ ಜೊತೆಗಿನ 2020ರ ಅಕ್ಟೋಬರ್ ಒಪ್ಪಂದದಲ್ಲಿ ಮೂರು ಸೀಟು ಸಿಕ್ಕವು, ನಿಜ. ಆದರೆ ಅವು ಚಂದ್ರನನ್ನು ಸುತ್ತಬೇಕಿದ್ದ ಗೇಟ್‌ವೇ ನಿಲ್ದಾಣದವರೆಗೆ. ನೆಲಕ್ಕಿಳಿಯುವ ಖಾತ್ರಿ ಇಲ್ಲ. ಆ ಗೇಟ್‌ವೇಯನ್ನೇ ರದ್ದು ಮಾಡೋಣ ಎಂದು 2025ರ ಮೇ ತಿಂಗಳಲ್ಲಿ ಶ್ವೇತಭವನದ ಬಜೆಟ್ ಪ್ರಸ್ತಾವ ಹೇಳಿತು. ಅಮೆರಿಕದ ಸಂಸತ್ತು ಜುಲೈನಲ್ಲಿ ದುಡ್ಡು ಕೊಟ್ಟು ಉಳಿಸಿಕೊಂಡರೂ, ಗದ್ದೆಯ ಯಜಮಾನನೇ ಬಿತ್ತನೆ ಬೇಡವೆಂದ ಮೇಲೆ ಮುಯ್ಯಾಳಿನವನಿಗೆ ನಿದ್ದೆ ಎಲ್ಲಿ?

ಜಪಾನ್ ಜಾಣತನ ತೋರಿತು. ಚಂದ್ರನ ಮೇಲೆ ಓಡಾಡುವ, ಒಳಗೆ ಗಾಳಿ ತುಂಬಿದ ರೋವರ್ ಕೊಡುತ್ತೇವೆಂದು 2024ರ ಏಪ್ರಿಲ್‌ನಲ್ಲಿ ಸಹಿ ಹಾಕಿ, ಇಬ್ಬರು ಜಪಾನೀಯರು ನೆಲಕ್ಕಿಳಿಯುವ ಮಾತು ಪಡೆಯಿತು. ಕೆನಡಾ ಕೊಟ್ಟದ್ದು ರೋಬಾಟ್ ತೋಳು. ಆರ್ಟೆಮಿಸ್-2ರ ನಾಲ್ವರಲ್ಲಿ ಜೆರೆಮಿ ಹ್ಯಾನ್ಸನ್ ಹೆಸರು ಬಂತು. ಅವರನ್ನು ನೂಕುವ ಮಾಡ್ಯೂಲ್ ಮಾತ್ರ ಬ್ರೆಮೆನ್ನಿನದು.

2025ರ ನವೆಂಬರ್‌ನಲ್ಲಿ ಅದೇ ಬ್ರೆಮೆನ್ನಿನಲ್ಲಿ ಸೇರಿದ ಸಚಿವರು ಯುರೋಪಿನ ಬಾಹ್ಯಾಕಾಶ ಸಂಸ್ಥೆಗೆ 2,210 ಕೋಟಿ ಯೂರೋ ಒಪ್ಪಿಸಿದರು. ಮೂರು ಸೀಟು ಜರ್ಮನಿ, ಫ್ರಾನ್ಸ್, ಇಟಲಿಯವರಿಗೆ, ಮೊದಲ ಸರದಿ ಜರ್ಮನಿಗೆ ಎಂದು ಮಹಾನಿರ್ದೇಶಕ ಜೋಸೆಫ್ ಆಶ್‌ಬಾಖರ್ ಘೋಷಿಸಿದರು. ಹೆಚ್ಚು ಚಂದಾ ಕೊಟ್ಟವರಿಗೆ ಮೊದಲ ಪಂಕ್ತಿ!

ನನ್ನ ಕಣ್ಣು ಇರುವುದು ಆರ್ಗೊನಾಟ್ ಮೇಲೆ. ಇದು ಸುಮಾರು ಒಂದೂವರೆ ಟನ್ ಸರಕನ್ನು ಚಂದ್ರನ ನೆಲಕ್ಕೆ ಇಳಿಸುವ ಲ್ಯಾಂಡರ್. 2025ರ ಜನವರಿಯಲ್ಲಿ ಥೇಲ್ಸ್ ಅಲೇನಿಯಾ ಸ್ಪೇಸ್ ಕಂಪನಿಗೆ 86.2 ಕೋಟಿ ಯೂರೋ ಗುತ್ತಿಗೆ ಕೊಟ್ಟಿದ್ದಾರೆ. ಹಾರುವುದು ಯುರೋಪಿನದೇ ಏರಿಯಾನ್-6 ರಾಕೆಟ್ಟಿನಲ್ಲಿ. ಅಲ್ಲಿ ತಂಗುವವರಿಗೆ ನೀರು, ಆಹಾರ, ಬ್ಯಾಟರಿ ಒದಗಿಸುವವನು ನೆಲದ ಮೇಲಿನ ಸೀಟನ್ನೇ ಬದಲಿಗೆ ಕೇಳಬಹುದು. ಆದರೆ ಅದರ ಮೊದಲ ಹಾರಾಟವೇ 2030ರ ದಶಕಕ್ಕೆ.

ಅಲ್ಲಿಯವರೆಗೆ ಅಭ್ಯಾಸಕ್ಕೆ ಜರ್ಮನಿಯ ಕಲೋನ್‌ನಲ್ಲಿ 700 ಚದರ ಮೀಟರ್ ಕೃತಕ ಚಂದ್ರನಂಗಳ ಇದೆ, ಲೂನಾ ಅಂತ. 2024ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಆದರೆ ಕಾಯುವವರ ವಯಸ್ಸು ಕಾಯುವುದಿಲ್ಲ. ಮೊದಲ ಸರದಿಯ ಜರ್ಮನಿಯ ಇಬ್ಬರು ಅನುಭವಿ ಗಗನಯಾತ್ರಿಗಳಲ್ಲಿ ಅಲೆಕ್ಸಾಂಡರ್ ಗೆರ್ಸ್ಟ್ ಹುಟ್ಟಿದ್ದು 1976ರಲ್ಲಿ, ಮಥಿಯಾಸ್ ಮೌರರ್ 1970ರಲ್ಲಿ.