ಮಡಕೆ, ಹುತ್ತ ಮತ್ತು ಈಶ್ವರ: ಒಂದು ಹಳೆಯ ವಾದದ ಹಿನ್ನೆಲೆ

ದೇವರಿದ್ದಾನೆ ಎನ್ನುವುದಕ್ಕೆ ಪುರಾವೆ ಏನು ಎಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಬಹುಬೇಗ ಆಸ್ತಿಕ–ನಾಸ್ತಿಕ ಜಗಳವಾಗಿ ಮುಗಿಯುತ್ತದೆ. ಒಂದು ಕಡೆಯವರು ಆ ಪ್ರಶ್ನೆಯನ್ನೇ ಪಶ್ಚಿಮದಿಂದ ಬಂದದ್ದೆಂದು ತಳ್ಳಿಹಾಕಿದರೆ, ಇನ್ನೊಂದು ಕಡೆಯವರು ಭಕ್ತರು ಪುರಾವೆಯ ಗೊಡವೆಗೇ ಹೋದವರಲ್ಲವೆಂದು ಭಾವಿಸುತ್ತಾರೆ. ಈ ವಾದದ ಚರಿತ್ರೆ ಎರಡಕ್ಕೂ ಹೊಂದುವುದಿಲ್ಲ.

ಗೊಂದಲ ಒಂದು ಪದದಿಂದಲೇ ಆರಂಭವಾಗುತ್ತದೆ. ಇಂದಿನ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ತರ್ಕಶಾಸ್ತ್ರದಲ್ಲಿ ಅದು ಸಂಶಯವನ್ನು ಕಳೆಯುವ ಪ್ರಮಾಣ (ಸರಿಯಾದ ತಿಳಿವಿನ ಸಾಧನ), ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ದಾರಿ. ಭೌತವಾದಿಗಳಾದ ಚಾರ್ವಾಕರು ಪ್ರತ್ಯಕ್ಷವನ್ನು, ಅಂದರೆ ಇಂದ್ರಿಯಗಳಿಗೆ ನೇರವಾಗಿ ತಿಳಿದದ್ದನ್ನು, ಮಾತ್ರ ಒಪ್ಪಿದರು; ಬೌದ್ಧರೂ ಜೈನರೂ ಅನುಮಾನವನ್ನು ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಅನುಮಾನದಿಂದಲೇ ಈಶ್ವರನನ್ನು ಸಾಧಿಸುತ್ತೇವೆಂದು ಹೊರಟವರು ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು. ಅವರ ವಾದ ಸರಳವಾಗಿತ್ತು: ಮಡಕೆ ಒಂದು ಕಾರ್ಯ (ಕಾರಣದಿಂದ ಉಂಟಾದ ವಸ್ತು), ಆದ್ದರಿಂದ ಅದಕ್ಕೆ ಕುಂಬಾರನೆಂಬ ಕರ್ತೃ ಇದ್ದಾನೆ, ಭೂಮಿಯೂ ಕಾರ್ಯವೇ, ಆದ್ದರಿಂದ ಅದಕ್ಕೂ ತಿಳಿವಳಿಕೆಯುಳ್ಳ ಕರ್ತೃವೊಬ್ಬ ಇರಲೇಬೇಕು.

ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದಕ್ಕೆ ಕೊಟ್ಟ ಉತ್ತರದಲ್ಲಿ ಹುತ್ತ ಬರುತ್ತದೆ. ಹುತ್ತವೂ ಮಣ್ಣಿನದೇ, ಮಡಕೆಯೂ ಮಣ್ಣಿನದೇ, ಎರಡಕ್ಕೂ ಆಕಾರವಿದೆ. ಹಾಗೆಂದು ಹುತ್ತವನ್ನು ಕುಂಬಾರನೇ ಮಾಡಿದನೆಂದು ಹೇಳಲಾದೀತೇ? ಕುಂಬಾರ ಮಡಕೆ ಮಾಡುವುದನ್ನು ನಾವು ಕಂಡಿದ್ದೇವೆ, ಬೆಟ್ಟವನ್ನು ಯಾರೋ ಮಾಡುವುದನ್ನು ಕಂಡಿಲ್ಲ. ಎರಡನ್ನೂ ‘ಕಾರ್ಯ’ ಎಂಬ ಒಂದೇ ಹೆಸರಿನಿಂದ ಕರೆದ ಮಾತ್ರಕ್ಕೆ ಎರಡಕ್ಕೂ ಒಂದೇ ಬಗೆಯ ಕಾರಣ ಸಿದ್ಧಿಸುವುದಿಲ್ಲ. (ನಾಗರಪಂಚಮಿಯಂದು ಹಾಲೆರೆಯಿಸಿಕೊಳ್ಳುವ ಹುತ್ತವೇ ಈ ವಾದದಲ್ಲಿ ಎದುರು ಪಕ್ಷ ಸೇರಿದ್ದು ಸ್ವಾರಸ್ಯದ ಸಂಗತಿ.) ವೇದವನ್ನೇ ಪರಮಪ್ರಮಾಣವೆಂದು ನಂಬಿದ್ದ ಮೀಮಾಂಸಕ ಕುಮಾರಿಲಭಟ್ಟನೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ, ಪ್ರಯೋಜನವಿಲ್ಲದೆ ಮಂದನೂ ಕೆಲಸಕ್ಕೆ ತೊಡಗುವುದಿಲ್ಲ, ಹೀಗಿರುವಾಗ ಇಷ್ಟು ದುಃಖ ತುಂಬಿದ ಜಗತ್ತನ್ನು ಯಾವ ಪ್ರಯೋಜನಕ್ಕೆ ಸೃಷ್ಟಿಸಿದ ಎಂದು ಆತ ಕೇಳಿದ.

ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಿಥಿಲೆಯ ಉದಯನಾಚಾರ್ಯ ಈ ಆಕ್ಷೇಪಗಳನ್ನೆಲ್ಲ ಎದುರಿಸಲು ‘ನ್ಯಾಯಕುಸುಮಾಂಜಲಿ’ಯನ್ನು ಬರೆದ. ಬಿತ್ತದೆ ಬೆಳೆದ ಮೊಳಕೆಗೆ ಕರ್ತೃ ಎಲ್ಲಿ ಎಂದು ಕೇಳಿದರೆ, ಮೊಳಕೆಯೂ ವಿವಾದಕ್ಕೆ ಒಳಗಾದ ವಸ್ತುಗಳಲ್ಲೇ ಸೇರಿದೆ, ಅದನ್ನೇ ವಿರುದ್ಧ ನಿದರ್ಶನವಾಗಿ ತೋರಿಸುವಂತಿಲ್ಲ ಎಂಬುದು ನೈಯಾಯಿಕರ ಉತ್ತರವಾಗಿತ್ತು. ಜಾಣ ಉತ್ತರ ನಿಜ. ಆದರೆ ಆ ನಿಯಮದಂತೆ ನಡೆದರೆ ವಿರುದ್ಧ ನಿದರ್ಶನವನ್ನು ಯಾರಾದರೂ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಉದಯನನ ಆತ್ಮವಿಶ್ವಾಸದ ಬಗ್ಗೆ ಒಂದು ಐತಿಹ್ಯವಿದೆ: ಪುರಿಯ ಜಗನ್ನಾಥನ ಗುಡಿಯ ಬಾಗಿಲು ಮುಚ್ಚಿದ್ದನ್ನು ಕಂಡು ಆತ, ‘ಐಶ್ವರ್ಯಮದದಲ್ಲಿ ನನ್ನನ್ನು ಕಡೆಗಣಿಸುತ್ತೀಯೆ, ಬೌದ್ಧರು ಎದುರು ನಿಂತಾಗ ನಿನ್ನ ಇರವು ನನ್ನ ಕೈಯಲ್ಲಿದೆ’ ಎಂದನಂತೆ. ನಡೆದದ್ದೋ ಕಟ್ಟಿದ್ದೋ, ಭಗವಂತನ ಇರವೇ ತಾರ್ಕಿಕನ ಸಾಮರ್ಥ್ಯವನ್ನು ಅವಲಂಬಿಸಿದೆ ಎಂಬ ಈ ಮಾತಿನಲ್ಲಿ ಆ ಇಡೀ ಪಂಥದ ಬಲವೂ ತೊಡಕೂ ಕಾಣುತ್ತವೆ.

ಆ ತೊಡಕನ್ನು ಚೆನ್ನಾಗಿ ಕಂಡವರು ಭಕ್ತಿಪಂಥದ ಆಚಾರ್ಯರೇ. ಮೇಲುಕೋಟೆಯಲ್ಲಿ ಚೆಲುವನಾರಾಯಣನ ಆರಾಧನೆಯನ್ನು ನೆಲೆಗೊಳಿಸಿದರೆಂದು ಸಂಪ್ರದಾಯ ನೆನೆಯುವ ರಾಮಾನುಜರು, ಬ್ರಹ್ಮಸೂತ್ರಗಳಿಗೆ ಬರೆದ ‘ಶ್ರೀಭಾಷ್ಯ’ದಲ್ಲಿ ‘ಶಾಸ್ತ್ರಯೋನಿತ್ವಾತ್’ (ಬ್ರಹ್ಮನನ್ನು ತಿಳಿಯಲು ಶಾಸ್ತ್ರವೇ ಮೂಲ) ಎಂಬ ಸೂತ್ರವನ್ನು ವಿವರಿಸುವಾಗ ಈಶ್ವರನನ್ನು ಅನುಮಾನದಿಂದ ಸಾಧಿಸುವ ವಾದದ ಎಳೆಗಳನ್ನು ಒಂದೊಂದಾಗಿ ಬಿಚ್ಚಿ ನಿರಾಕರಿಸುತ್ತಾರೆ. ರಥವನ್ನೂ ದೊಡ್ಡ ಮನೆಯನ್ನೂ ಹಲವರು ಸೇರಿ ಕಟ್ಟುತ್ತಾರೆ. ಬೆಟ್ಟವೂ ಕಡಲೂ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವೆನ್ನಲು ಆಧಾರವೇನು? ನಾವು ಕಂಡ ಕರ್ತೃಗಳಿಗೆಲ್ಲ ದೇಹವಿದೆ, ಮಿತಿಯಿದೆ. ಅನುಮಾನ ಅಂಥವನನ್ನೇ ಕೊಟ್ಟೀತು, ಪರಬ್ರಹ್ಮನನ್ನಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ‘ವಿಷ್ಣುತತ್ತ್ವನಿರ್ಣಯ’ವನ್ನು ನಾರಾಯಣನಿಗೆ ‘ಸದಾಗಮೈಕವಿಜ್ಞೇಯಂ’ ಎಂಬ ವಿಶೇಷಣ ಕೊಟ್ಟು ಆರಂಭಿಸುತ್ತಾರೆ, ಅಂದರೆ ಆತ ವೇದವೇ ಮೊದಲಾದ ಸದಾಗಮಗಳಿಂದ ಮಾತ್ರ ತಿಳಿಯತಕ್ಕವನು. ಇಬ್ಬರಿಗೂ ದೇವರಲ್ಲಿ ಸಂಶಯವಿರಲಿಲ್ಲ. ಅವರು ಒಪ್ಪದಿದ್ದುದು ಆತನನ್ನು ಹೊಗೆಯಿಂದ ಬೆಂಕಿಯಂತೆ ಊಹಿಸಬಹುದೆಂಬುದನ್ನು. ಆದರೆ ಆಗಮವನ್ನೇ ಪ್ರಮಾಣವೆಂದು ಒಪ್ಪದವನೊಡನೆ ವಾದವನ್ನು ಎಲ್ಲಿಂದ ಆರಂಭಿಸುವುದು ಎಂಬ ಕಷ್ಟ ಆಗಲೂ ಇತ್ತು, ಈಗಲೂ ಇದೆ.

ಮುಂದಿನ ಶತಮಾನಗಳಲ್ಲಿ ಯುರೋಪಿನಲ್ಲಿಯೂ ಕಥೆ ಇದೇ ದಾರಿ ಹಿಡಿಯಿತು: 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಮಡಕೆಯ ಜಾಗದಲ್ಲಿ ಗಡಿಯಾರವನ್ನು ಇಟ್ಟ, 1859ರಲ್ಲಿ ಡಾರ್ವಿನ್ ಜೀವಿಗಳ ರಚನೆಗೆ ಬೇರೆ ಕಾರಣವನ್ನು ತೋರಿಸಿದ. ನಮ್ಮಲ್ಲಿ 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದಾಗ ಅದು ದೇವರ ಮೇಲಿನ ದಾಳಿಯೆಂದು ಹಲವರಿಗೆ ತೋರಿತು. ಆದರೆ ಆ ಸಮಿತಿಯ ಹೆಸರಿನಲ್ಲಿ ಪವಾಡಗಳ ಜೊತೆಗಿದ್ದುದು ‘ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳು’ ಎಂಬ ಮಾತು. ಪರೀಕ್ಷೆಗೆ ಸಿಗದ ಈಶ್ವರನ ಹೆಸರು ಅದರಲ್ಲಿರಲಿಲ್ಲ.