ನಿಯಮ ತಪ್ಪದ ತಂತ್ರಾಂಶವೂ ದಾರಿ ತಪ್ಪುವುದೇಕೆ?

ಪ್ರಶ್ನೆ: ನಾವು ಬರೆದ ನಿಯಮವನ್ನು ಕಂಪ್ಯೂಟರ್ ಮೀರುವುದಿಲ್ಲ. ಹಾಗಿದ್ದರೆ ಮಾಹಿತಿ ವ್ಯವಸ್ಥೆಗಳ ಅಧ್ಯಯನಕ್ಕೆ ಕೇಯಾಸ್ ಸಿದ್ಧಾಂತ ಏಕೆ ಬೇಕು?
– ಎಂಸಿಎ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಕೇಯಾಸ್ ಎಂದರೆ ನಿಯಮದಂತೆಯೇ ನಡೆಯುತ್ತಿದ್ದರೂ ಆರಂಭದ ಚಿಕ್ಕ ವ್ಯತ್ಯಾಸವೊಂದು ಬೆಳೆಯುತ್ತಾ ಹೋಗಿ, ಮುಂದೇನೆಂದು ಹೇಳಲಾಗದಂತಾಗುವ ಸ್ಥಿತಿ. ನಿಯಮ ತಪ್ಪದಿರುವುದೇ ಕೇಯಾಸ್‌ಗೆ ಮೊದಲ ಷರತ್ತು. ನಿಯಮವಿಲ್ಲದೆ ನಡೆಯುವುದು ಬರೀ ಆಕಸ್ಮಿಕ.

ನಿಮ್ಮ ಜಿಲ್ಲೆಯ ಕಬ್ಬನ್ನೇ ತೆಗೆದುಕೊಳ್ಳಿ. ಒಂದು ಸಕ್ಕರೆ ಕಾರ್ಖಾನೆಯ ತಂತ್ರಾಂಶ ಯಾರ್ಡಿನಲ್ಲಿ ನಿಂತ ಗಾಡಿಗಳನ್ನು ಎಣಿಸಿ ಕಟಾವಿಗೆ ಪರ್ಮಿಟ್ ಕೊಡುತ್ತದೆ ಎನ್ನೋಣ. ಗಾಡಿ ಕಡಿಮೆಯಿದ್ದರೆ ಪರ್ಮಿಟ್ ಹೆಚ್ಚು, ಹೆಚ್ಚಿದ್ದರೆ ಕಡಿಮೆ. ಆದರೆ ಕಬ್ಬು ಕಡಿದು, ಹೇರಿ, ತರುವಷ್ಟರಲ್ಲಿ ಆ ಎಣಿಕೆ ಹಳತಾಗಿರುತ್ತದೆ. ಪರ್ಮಿಟ್ಟಿನ ತಿದ್ದುಪಡಿ ಮೆಲ್ಲಗಿದ್ದರೆ ಯಾರ್ಡು ಒಂದು ಹದಕ್ಕೆ ಬರುತ್ತದೆ. ಬಿರುಸಾದರೆ ಒಮ್ಮೆ ತುಂಬಿ ತುಳುಕುತ್ತದೆ, ಒಮ್ಮೆ ಬಣಗುಡುತ್ತದೆ. ಇನ್ನೂ ಬಿರುಸಾದರೆ ಏರಿಳಿತ ಹಳೆಯ ಜಾಡನ್ನು ಮತ್ತೆಂದೂ ಹಿಡಿಯದೆ ಹೋಗಬಹುದು. ಬಿಸಿಲಲ್ಲಿ ಒಣಗಿ ತೂಕ ಕಳೆದುಕೊಳ್ಳುವ ಕಬ್ಬಿನ ಮುಂದೆ ನಿಂತ ರೈತ ಗುಮಾಸ್ತನನ್ನು ಬೈಯುತ್ತಾನೆ, ಗುಮಾಸ್ತ ಸರ್ವರನ್ನು. ಇಬ್ಬರೂ ಬೈಯಬೇಕಾದ್ದು ಆ ಬಿರುಸನ್ನು.

ಜೀವಿಸಂಖ್ಯೆಯ ಏರಿಳಿತವನ್ನು ಅಧ್ಯಯನ ಮಾಡುತ್ತಿದ್ದ ರಾಬರ್ಟ್ ಮೇ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಚರ್ಚಿಸಿದ ಸಮೀಕರಣ ಇದನ್ನು ಒಂದೇ ಸಾಲಿನಲ್ಲಿ ತೋರಿಸುತ್ತದೆ. 0 ಮತ್ತು 1ರ ನಡುವಿನ ಒಂದು ಸಂಖ್ಯೆ ತೆಗೆದುಕೊಳ್ಳಿ. 1ರಿಂದ ಅದನ್ನು ಕಳೆದು, ಉಳಿದದ್ದರಿಂದ ಅದನ್ನೇ ಗುಣಿಸಿ, ಬಂದದ್ದನ್ನು ಒಂದು ಸ್ಥಿರಾಂಕದಿಂದ ಗುಣಿಸಿ. ಉತ್ತರವನ್ನೇ ಮತ್ತೆ ಒಳಗೆ ಹಾಕುತ್ತಾ ಹೋಗಿ. ಸ್ಥಿರಾಂಕ 3 ದಾಟಿದರೆ ಉತ್ತರ ಎರಡು ಸಂಖ್ಯೆಗಳ ನಡುವೆ ಓಲಾಡುತ್ತದೆ, ಸುಮಾರು 3.57 ದಾಟಿದ ಮೇಲೆ, ನಡುನಡುವೆ ಕೆಲವು ಶಾಂತ ಪಟ್ಟಿಗಳನ್ನು ಬಿಟ್ಟರೆ, ಕೇಯಾಸ್. ಸ್ಥಿರಾಂಕ 4 ಇಟ್ಟು 0.3ರಿಂದ ಹೊರಟರೆ ಹತ್ತನೆಯ ಸುತ್ತಿನಲ್ಲಿ 0.04 ಸಿಗುತ್ತದೆ, 0.301ರಿಂದ ಹೊರಟರೆ 0.62. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ಮಾಡಿ ನೋಡಿ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1961ರಲ್ಲಿ 0.506127ರ ಬದಲು 0.506 ಎಂದು ಕೊಟ್ಟಾಗ ಅವರ ಕಂಪ್ಯೂಟರ್ ಬೇರೆಯೇ ಹವಾಮಾನ ಹೇಳಿದ್ದೂ ಇದೇ ಕಾರಣಕ್ಕೆ.

ಹಾಗೆಂದು ಕಂಡಕಂಡದ್ದಕ್ಕೆಲ್ಲ ಕೇಯಾಸ್ ಎಂಬ ಹಣೆಪಟ್ಟಿ ಹಚ್ಚಬೇಡಿ. ಡಿಸ್ಕ್ ತುಂಬಿ ಸರ್ವರ್ ನಿಂತರೆ ಅದು ಕೇಯಾಸ್ ಅಲ್ಲ, ಉದಾಸೀನ. ಮಳೆ, ಕೂಲಿಯಾಳುಗಳ ಕೊರತೆಯಂಥ ಹೊರಗಿನ ಏರುಪೇರುಗಳಿಂದ ಕೇಯಾಸನ್ನು ಬೇರ್ಪಡಿಸಲು ದೀರ್ಘಕಾಲದ ದಾಖಲೆ ಬೇಕು. ಸಂಸ್ಥೆಗಳಲ್ಲಿ ಅಂಥ ದಾಖಲೆ ಸಿಗುವುದು ಅಪರೂಪ.

ನೀವು ಪ್ರಾಜೆಕ್ಟ್ ಮಾಡುವುದಾದರೆ ಪರ್ಮಿಟ್ ವ್ಯವಸ್ಥೆಯ ಮಾದರಿ ಕಟ್ಟಿ ಎರಡು ಸಲ ಓಡಿಸಿ. ಎರಡನೆಯ ಸಲ ಮೊದಲ ದಿನದ ಎಣಿಕೆಗೆ ಒಂದೇ ಒಂದು ಗಾಡಿ ಸೇರಿಸಿ. ಎಷ್ಟನೆಯ ದಿನಕ್ಕೆ ಎರಡೂ ಬೇರೆ ದಾರಿ ಹಿಡಿಯುತ್ತವೆ ನೋಡಿ. ಅದರಾಚೆಯ ಮುನ್ಸೂಚನೆಯನ್ನು ಪರದೆಯ ಮೇಲೆ ತೋರಿಸಲೇಬೇಡಿ.