ಆರ್ಟಿಕಲ್: ನಾಮಪದಕ್ಕೆ ಮೊದಲು ಬರುವ ‘ಎ’, ‘ಆ್ಯನ್’, ‘ದ’

ಇಂಗ್ಲಿಷಿನಲ್ಲಿ ನಾಮಪದಕ್ಕೆ ಮೊದಲು ಬಂದು, ಮಾತು ಯಾವುದೋ ಒಂದು ವಸ್ತುವಿನ ಬಗ್ಗೆಯೋ ಅಥವಾ ಕೇಳುವವರೂ ಗುರುತಿಸಬಲ್ಲ ನಿರ್ದಿಷ್ಟ ವಸ್ತುವಿನ ಬಗ್ಗೆಯೋ ಎಂಬುದನ್ನು ತಿಳಿಸುವ ‘ಎ’, ‘ಆ್ಯನ್’, ‘ದ’ ಎಂಬ ಪದಗಳಿಗೆ ಆರ್ಟಿಕಲ್ ಅಥವಾ ಉಪಪದ ಎಂದು ಹೆಸರು. ಇವುಗಳನ್ನು ನಿಯಮಗಳ ಉದ್ದನೆಯ ಪಟ್ಟಿಯಾಗಿ ಕಲಿಸುವುದು ರೂಢಿ. ಆದರೆ ಬರೆಯಲು ಕುಳಿತಾಗ ಹೆಚ್ಚು ನೆರವಾಗುವುದು, ಓದುವವರಿಗೆ ಈಗಾಗಲೇ ಏನು ಗೊತ್ತಿದೆ ಎಂಬ ಒಂದೇ ಪ್ರಶ್ನೆ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲದಿದ್ದರೂ ಈ ಭೇದ ನಮಗೆ ಹೊಸತೇನಲ್ಲ. ‘ಪುಸ್ತಕ ಓದಿದೆ’ ಎಂದಾಗ ಅದು ಯಾವ ಪುಸ್ತಕವಾದರೂ ಆಗಬಹುದು. ‘ಪುಸ್ತಕವನ್ನು ಓದಿದೆ’ ಎಂದಾಗ ಸಾಮಾನ್ಯವಾಗಿ ಇಬ್ಬರಿಗೂ ತಿಳಿದಿರುವ ಪುಸ್ತಕವೇ ಮನಸ್ಸಿಗೆ ಬರುತ್ತದೆ. ಇಲ್ಲಿ ವಿಭಕ್ತಿ ಪ್ರತ್ಯಯ ಸೂಚಿಸುವುದನ್ನು ಇಂಗ್ಲಿಷಿನಲ್ಲಿ ‘ದ’ ಸೂಚಿಸುತ್ತದೆ. ‘ಐ ಬಾಟ್ ಎ ಬುಕ್’ ಎಂದ ಮೇಲೆ ಅದೇ ಪುಸ್ತಕ ‘ದ ಬುಕ್’ ಆಗುತ್ತದೆ. ಅಷ್ಟೇ ಅಲ್ಲ, ಅದರ ರಕ್ಷಾಪುಟದ ಮಾತು ಮೊದಲ ಬಾರಿಗೆ ಬಂದರೂ ‘ದ ಕವರ್’ ಎಂದೇ ಬರೆಯುತ್ತಾರೆ, ಏಕೆಂದರೆ ಪುಸ್ತಕವೆಂದರೆ ಅದಕ್ಕೊಂದು ರಕ್ಷಾಪುಟ ಇರುತ್ತದೆಂದು ಓದುಗರು ಬಲ್ಲರು.

‘ಆ್ಯನ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬರ್ಥವಿದ್ದ ಪದದಿಂದ ಬಂದದ್ದು. ಮುಂದೆ ವ್ಯಂಜನವಿದ್ದಲ್ಲಿ ಕೊನೆಯ ನಕಾರ ಬಿದ್ದುಹೋಗಿ ‘ಎ’ ಉಳಿಯಿತು. ಆಯ್ಕೆ ನಡೆಯುವುದು ಉಚ್ಚಾರಣೆಯ ಮೇಲೆ, ಅಕ್ಷರದ ಮೇಲಲ್ಲ. ಆದ್ದರಿಂದಲೇ ‘ಆ್ಯನ್ ಅವರ್’ (hour), ಆದರೆ ‘ಎ ಯೂನಿವರ್ಸಿಟಿ’ (university).

‘ಒಂದು’ ಎಂಬ ಆ ಮೂಲಾರ್ಥ ಇಂದಿಗೂ ಅಳಿದಿಲ್ಲವಾದ್ದರಿಂದ, ಬಹುವಚನದೊಂದಿಗಾಗಲಿ ಇಂಗ್ಲಿಷ್ ಎಣಿಸದ ನಾಮಪದಗಳೊಂದಿಗಾಗಲಿ ‘ಎ’, ‘ಆ್ಯನ್’ ಸೇರುವುದಿಲ್ಲ. ಕನ್ನಡಿಗರು ಹೆಚ್ಚು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ‘ಒಂದು ಸಲಹೆ’, ‘ಎರಡು ಸಲಹೆ’ ಎನ್ನಲು ನಮಗೆ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ‘ಆ್ಯನ್ ಅಡ್ವೈಸ್’ ತಪ್ಪು, ‘ಎ ಪೀಸ್ ಆಫ್ ಅಡ್ವೈಸ್’ ಎನ್ನಬೇಕು. ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಎಕ್ವಿಪ್‌ಮೆಂಟ್’ ಪದಗಳೂ ಇದೇ ಗುಂಪಿನವು.

ಆರ್ಟಿಕಲ್ ಬಿಡುವುದೂ ಅರ್ಥಪೂರ್ಣ ಆಯ್ಕೆಯೇ. ಬದುಕಿನ ಬಗ್ಗೆ ಸಾಮಾನ್ಯವಾಗಿ ಹೇಳುವಾಗ ‘ಲೈಫ್ ಈಸ್ ಶಾರ್ಟ್’ ಎನ್ನುತ್ತಾರೆಯೇ ಹೊರತು ‘ದ ಲೈಫ್’ ಎನ್ನುವುದಿಲ್ಲ. ‘ಗೋ ಟು ಸ್ಕೂಲ್’ ಎಂದರೆ ಕಲಿಯಲು ಹೋಗುವುದು; ‘ಗೋ ಟು ದ ಸ್ಕೂಲ್’ ಎಂದರೆ ಒಂದು ನಿರ್ದಿಷ್ಟ ಶಾಲೆಗೆ, ಬೇರೆ ಯಾವುದೋ ಕೆಲಸಕ್ಕೂ ಇರಬಹುದು, ಹೋಗುವುದು.

ಸ್ಥಳನಾಮಗಳಲ್ಲಿ ಮಾತ್ರ ಈ ತರ್ಕ ಪೂರ್ತಿಯಾಗಿ ನಡೆಯುವುದಿಲ್ಲ. ನದಿಗಳಿಗೂ ಪರ್ವತಶ್ರೇಣಿಗಳಿಗೂ ‘ದ’ ಬರುತ್ತದೆ, ಒಂಟಿ ಶಿಖರಕ್ಕೆ ಸಾಮಾನ್ಯವಾಗಿ ಬರುವುದಿಲ್ಲ: ‘ದ ಹಿಮಾಲಯಾಸ್’, ಆದರೆ ಬರಿಯ ‘ಮೌಂಟ್ ಎವರೆಸ್ಟ್’. ಇಂಥವುಗಳನ್ನು ಓದಿನ ರೂಢಿಯಿಂದಲೇ ಕಲಿಯಬೇಕು.